ಬೆಂಕಿಗೆ ಜಗ್ಗದ ಗೋದಾಮು

ಅರಮನೆ, ಕೋಟೆ, ದೇಗುಲಗಳಿಗೆ ಚರಿತ್ರೆ ಇರುವುದು ಸಹಜ. ಮೂಟೆ ಪೇರಿಸುವ ಗೋದಾಮಿಗೆ ಎಂಥ ಚರಿತ್ರೆ ಎಂದು ಯಾರಾದರೂ ಕೇಳಬಹುದು. ಅಂಥವರಿಗೆ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ, ಮರ್ಸಿ ನದಿಯ ದಂಡೆಯ ಮೇಲೆ ಉತ್ತರವಿದೆ. ಅಲ್ಲಿನ ಆಲ್ಬರ್ಟ್ ಡಾಕ್ ಗೋದಾಮನ್ನು ಕಟ್ಟಿಸಿದ್ದು ಬೆಂಕಿಯ ಭಯ. ಮೂಲೆಗೆ ತಳ್ಳಿದ್ದು ಉಗಿಹಡಗು. ಮತ್ತೆ ಬದುಕಿಸಿದ್ದು ಮ್ಯೂಸಿಯಂ.

ಮರ್ಸಿ ನದಿ ಸಮುದ್ರ ಸೇರುವ ಕಡೆ ಉಬ್ಬರವಿಳಿತ ವಿಪರೀತ. ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ ಸುಮಾರು 30 ಅಡಿ ಏರಿಳಿಯುತ್ತದೆ. ಬೆಳಿಗ್ಗೆ ತೇಲುತ್ತಿದ್ದ ಹಡಗು ಮಧ್ಯಾಹ್ನದ ಹೊತ್ತಿಗೆ ಕೆಸರಿನ ಮೇಲೆ ಕೂರಬೇಕಾದ ಪಾಡು. ಇದಕ್ಕೆ ಲಿವರ್‌ಪೂಲ್ ಕಂಡುಕೊಂಡ ಉಪಾಯವೇ 'ಡಾಕ್'. ಅಂದರೆ ನದಿಯಂಚಿನಲ್ಲಿ ಕಲ್ಲುಗೋಡೆಯ ದೊಡ್ಡದೊಂದು ಕೊಳ, ಅದಕ್ಕೊಂದು ಬಾಗಿಲು. ಉಬ್ಬರದ ವೇಳೆ ಹಡಗನ್ನು ಒಳಕ್ಕೆ ತಂದು, ನೀರು ಇಳಿಯುವ ಮೊದಲೇ ಬಾಗಿಲು ಮುಚ್ಚಿದರೆ ಒಳಗಿನ ನೀರು ಹಾಗೆಯೇ ನಿಲ್ಲುತ್ತದೆ. ಈ ಊರಿನಲ್ಲಿ ಅಂಥ ಮೊದಲ ಕೊಳ ಬಳಕೆಗೆ ಬಂದದ್ದು 1715ರಲ್ಲಿ.

ಹಡಗು ಕ್ಷೇಮವಾಯಿತು, ಸರಕು ಆಗಲಿಲ್ಲ. ಇಳಿಸಿದ ಮಾಲು ಬಯಲು ಧಕ್ಕೆಯ ಮೇಲೆ ಬಿದ್ದಿರುತ್ತಿತ್ತು. ಕಳ್ಳರ ಕಾಟ ಒಂದು ಕಡೆ. ಅದನ್ನು ಸಾಗಿಸಿ ಇಡುತ್ತಿದ್ದ ಊರೊಳಗಿನ ಗೋದಾಮುಗಳು ಇಕ್ಕಟ್ಟಿನ ಓಣಿಗಳಲ್ಲಿದ್ದು, ಅವುಗಳ ತೊಲೆ, ಅಟ್ಟಗಳೆಲ್ಲ ಮರದವು. ಒಳಗೆ ಹತ್ತಿ, ಎಣ್ಣೆ, ಮದ್ಯ. ಕಿಡಿ ಬಿದ್ದರೆ ಬೀದಿಗೆ ಬೀದಿಯೇ ಬೂದಿ. 1842ರಲ್ಲಿ ಫಾರ್ಮ್‌ಬಿ ಸ್ಟ್ರೀಟ್ ಸುತ್ತ ಎದ್ದ ಬೆಂಕಿ ಹಲವು ಗೋದಾಮುಗಳನ್ನು ನುಂಗಿತು.

ಹಾರ್ಟ್ಲಿಯ ಪ್ರಯೋಗ

ಬಂದರಿನ ಎಂಜಿನಿಯರ್ ಜೆಸ್ಸಿ ಹಾರ್ಟ್ಲಿ 1824ರಿಂದ ಅಲ್ಲಿ ಕೆಲಸದಲ್ಲಿದ್ದವನು. ವಾಸ್ತುಶಿಲ್ಪಿ ಫಿಲಿಪ್ ಹಾರ್ಡ್‌ವಿಕ್‌ನೊಂದಿಗೆ ಹೊಸ ಯೋಜನೆ ಹಾಕುವಾಗ ಆತ ಕಾಗದದ ಲೆಕ್ಕವನ್ನಷ್ಟೇ ನೆಚ್ಚಲಿಲ್ಲ. ಚಿಕ್ಕದೊಂದು ಮಾದರಿ ಕಟ್ಟಡ ನಿಲ್ಲಿಸಿ, ಅದರೊಳಗೆ ಮರ ಮತ್ತು ಟಾರು ತುಂಬಿಸಿ ಬೆಂಕಿ ಕೊಟ್ಟು ನೋಡಿದ. ಹೀಗೆ ಪರೀಕ್ಷಿಸಿದ ಮೇಲೆ ಆರಿಸಿಕೊಂಡದ್ದು ಎರಕದ ಕಬ್ಬಿಣ, ಇಟ್ಟಿಗೆ ಮತ್ತು ಕಲ್ಲು. ಕಬ್ಬಿಣದ ಕಂಬಗಳ ಮೇಲೆ ಕಬ್ಬಿಣದ ತೊಲೆ, ತೊಲೆಗಳ ನಡುವೆ ಇಟ್ಟಿಗೆಯ ಕಮಾನು; ಚಾವಣಿಯೂ ರಿವೆಟ್ ಹೊಡೆದು ಜೋಡಿಸಿದ ಕಬ್ಬಿಣದ ತಗಡಿನದೇ. ಭಾರ ಹೊರುವ ಕಟ್ಟಡದ ಅಂಗಗಳಲ್ಲಿ ಮರಕ್ಕೆ ಜಾಗವಿರಲಿಲ್ಲ. ಮರ ಇದ್ದದ್ದು ನೆಲದಡಿ ಮಾತ್ರ: ನದಿಯಂಚಿನ ಸಡಿಲ ಮಣ್ಣಿನಲ್ಲಿ ಹೂತ ಸಾವಿರಾರು ಮರದ ಗೂಟಗಳ ಮೇಲೆ ಈ ಇಡೀ ಭಾರ ನಿಂತಿದೆ. ಬಳಸಿದ ಇಟ್ಟಿಗೆ 2 ಕೋಟಿ 30 ಲಕ್ಷಕ್ಕೂ ಹೆಚ್ಚು.

ಇನ್ನೊಂದು ಹೊಸತನ ಕಟ್ಟಡದ ಜಾಗದ್ದು. ಸುಮಾರು ಏಳೂ ಮುಕ್ಕಾಲು ಎಕರೆಯ ಕೊಳದ ಸುತ್ತ, ನೀರಿನ ಅಂಚಿಗೇ, ಐದು ಗೋದಾಮುಗಳು ಎದ್ದವು. ಹಡಗಿನಿಂದ ಎತ್ತಿದ ಸರಕು ನೇರವಾಗಿ ಮಹಡಿಗೆ ಹೋಗಬಹುದು. ಆಮದುದಾರ ಮಾಲನ್ನು ಹೊರಗೆ ಒಯ್ಯುವ ದಿನ ಸುಂಕ ಕಟ್ಟಿದರೆ ಸಾಕು. ಚಹಾ, ರೇಷ್ಮೆ, ತಂಬಾಕು, ಸಕ್ಕರೆ, ಬ್ರಾಂಡಿ, ದಂತದಂಥ ಬೆಲೆಬಾಳುವ ಸರಕು ಇಲ್ಲಿಗೆ ಬರತೊಡಗಿತು. 1846ರ ಜುಲೈ 30ರಂದು ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ಇದನ್ನು ಉದ್ಘಾಟಿಸಿದ. 1848ರಲ್ಲಿ ನೀರಿನ ಒತ್ತಡದಿಂದ ಭಾರ ಎತ್ತುವ ಯಂತ್ರಗಳೂ ಬಂದವು.

ಧಾರವಾಡದ ಅಂಡಿಗೆ

ಈ ಬಂದರಿನ ಸಿರಿಯಲ್ಲಿ ಬಹುಪಾಲು ಹತ್ತಿಯದು. ಬ್ರಿಟನ್ ಗುಲಾಮರ ವ್ಯಾಪಾರವನ್ನು 1807ರಲ್ಲೇ ನಿಷೇಧಿಸಿತ್ತು. ಆದರೆ ಅಮೆರಿಕದ ಗುಲಾಮರು ಬೆಳೆದ ಹತ್ತಿ ಲಿವರ್‌ಪೂಲಿಗೆ ಬರುವುದು ನಿಂತಿರಲಿಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಸುರುವಾಗಿ ಆ ಹತ್ತಿ ತಪ್ಪಿದಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕನ್ ತಳಿಯ ಹತ್ತಿ ಬೆಳೆಸುವ ಪ್ರಯತ್ನ ನಡೆದಿತ್ತು. ಈಗ ಅದರ ಅಂಡಿಗೆಗಳಿಗೆ ಲಿವರ್‌ಪೂಲ್ ಪೇಟೆಯಲ್ಲಿ 'ಧಾರವಾರ್' ಎಂಬ ಹೆಸರಿನಲ್ಲೇ ದರ ನಿಗದಿಯಾಗುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದು, ಕಾರವಾರ ಬಂದರನ್ನು ಬೆಳೆಸಲು ಹೊರಟದ್ದು, ಇವುಗಳ ಹಿಂದೆ ಈ ಹತ್ತಿಯ ಒತ್ತಾಯವಿತ್ತು. ಮರ್ಸಿ ದಂಡೆಯ ಪೇಟೆಯ ಧಾರಣೆ ನಮ್ಮ ನಕಾಶೆಯ ಗೆರೆಗಳನ್ನೂ ಬದಲಿಸಿತು.

ಹಡಗೇ ದೊಡ್ಡದಾದಾಗ

ಬೆಂಕಿಗೆ ಜಗ್ಗದ ಗೋದಾಮನ್ನು ಸೋಲಿಸಿದ್ದು ಹಡಗಿನ ಗಾತ್ರ. ಹಾರ್ಟ್ಲಿ ಲೆಕ್ಕ ಹಾಕಿದ್ದು ಸುಮಾರು ಸಾವಿರ ಟನ್ನಿನ ಹಾಯಿಹಡಗುಗಳಿಗೆ. ಕೆಲವೇ ದಶಕಗಳಲ್ಲಿ ಬಂದ ದೊಡ್ಡ ಉಗಿಹಡಗುಗಳಿಗೆ ಆ ಬಾಗಿಲು ಕಿರಿದು, ಧಕ್ಕೆ ಇಕ್ಕಟ್ಟು. 1920ರ ಸುಮಾರಿಗೆ ಸರಕಿನ ಹಡಗುಗಳು ಇಲ್ಲಿಗೆ ಬರುವುದು ಬಹುತೇಕ ನಿಂತಿತು. ಗೋದಾಮುಗಳಿಗೆ ಮಾತ್ರ ದೋಣಿ, ರೈಲು, ಲಾರಿಗಳಲ್ಲಿ ಮಾಲು ಬರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ, 1941ರ ಮೇ ತಿಂಗಳಿನಲ್ಲಿ, ಜರ್ಮನ್ ಬಾಂಬುಗಳು ಒಂದಿಷ್ಟು ಭಾಗವನ್ನು ಕೆಡವಿದವು. 1952ರಲ್ಲಿ ಕಟ್ಟಡ ಮೊದಲ ದರ್ಜೆಯ ಸಂರಕ್ಷಿತ ಪಟ್ಟಿಗೆ ಸೇರಿತು. 1972ರಲ್ಲಿ ಬೀಗ ಬಿತ್ತು.

ಡಾಕ್ ವ್ಯವಸ್ಥೆಯ ಬಾಗಿಲುಗಳು ತೆರೆದೇ ಉಳಿದದ್ದರಿಂದ ನದಿಯ ಹೂಳು ನುಗ್ಗಿ ಕೊಳವನ್ನು ತುಂಬಿತು. ಕೆಡವಿ ಗಗನಚುಂಬಿ ಕಟ್ಟಬೇಕೆಂಬ ಯೋಜನೆಗಳು ಅದಕ್ಕೂ ಮೊದಲೇ ಬಂದು ಬಿದ್ದುಹೋಗಿದ್ದವು. 1981ರಲ್ಲಿ ಸರ್ಕಾರ ನೇಮಿಸಿದ ಮರ್ಸಿಸೈಡ್ ಅಭಿವೃದ್ಧಿ ನಿಗಮ ಹೂಳೆತ್ತಿಸಿತು, ಬಾಗಿಲು ರಿಪೇರಿ ಮಾಡಿಸಿತು, ಖಾಸಗಿ ಕಂಪನಿಯೊಂದನ್ನು ಜತೆಗೆ ತಂದಿತು. 1984ರಲ್ಲಿ ಒಂದು ಭಾಗ ಜನರಿಗೆ ತೆರೆಯಿತು. ಮುಂದೆ ಕಡಲ ವಸ್ತುಸಂಗ್ರಹಾಲಯ ಬಂತು. 1988ರಲ್ಲಿ ಟೇಟ್ ಕಲಾ ಗ್ಯಾಲರಿ. ಅಂಗಡಿ, ಹೋಟೆಲು, ಮನೆಗಳು. 2007ರಲ್ಲಿ ಗುಲಾಮಗಿರಿಯ ವಸ್ತುಸಂಗ್ರಹಾಲಯವೂ ಇಲ್ಲೇ ತೆರೆಯಿತು. ಊರನ್ನು ಸಿರಿವಂತವಾಗಿಸಿದ ದುಡ್ಡು ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಆ ದುಡ್ಡಿನ ಅಂಗಳದಲ್ಲೇ ಕೇಳಿದಂತಾಯಿತು.

ಆದರೂ ಕತೆ ಸುಖಾಂತವೆಂದು ಹೇಳುವಂತಿಲ್ಲ. 2004ರಲ್ಲಿ ಲಿವರ್‌ಪೂಲಿನ ಬಂದರು ಪ್ರದೇಶಕ್ಕೆ ಯುನೆಸ್ಕೋದ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ನದಿಯಂಚಿನ ಉತ್ತರದ ಡಾಕ್‌ಗಳಲ್ಲಿ ಎತ್ತರದ ಕಟ್ಟಡಗಳ ಯೋಜನೆ, ಫುಟ್‌ಬಾಲ್ ಕ್ರೀಡಾಂಗಣಕ್ಕಾಗಿ ಹಳೆಯ ಡಾಕ್ ಒಂದನ್ನು ತುಂಬುವ ಯೋಜನೆ ಬಂದಾಗ ಯುನೆಸ್ಕೋ ತಕರಾರು ತೆಗೆಯಿತು. 2021ರ ಜುಲೈನಲ್ಲಿ ಆ ಮನ್ನಣೆಯನ್ನೇ ಹಿಂತೆಗೆದುಕೊಂಡಿತು. ಅಲ್ಲಿಯವರೆಗೆ ಹಾಗೆ ಪಟ್ಟಿಯಿಂದ ಹೊರಬಿದ್ದವು ಎರಡೇ ತಾಣಗಳು: ಒಮಾನಿನ ಓರಿಕ್ಸ್ ಅಭಯಾರಣ್ಯ ಮತ್ತು ಜರ್ಮನಿಯ ಡ್ರೆಸ್ಡೆನ್ ಕಣಿವೆ. ಊರಿಗೆ ಉದ್ಯೋಗ, ಹೂಡಿಕೆ ಬೇಡವೇ ಎಂಬುದು ನಗರಾಡಳಿತದ ವಾದ. ಅದನ್ನೂ ತಳ್ಳಿಹಾಕುವುದು ಸುಲಭವಲ್ಲ.

ಕಟ್ಟಡದ ಆಯಸ್ಸೂ ಅದಕ್ಕೆ ವಹಿಸಿದ ಕೆಲಸದ ಆಯಸ್ಸೂ ಒಂದೇ ಅಲ್ಲ. ಆಲ್ಬರ್ಟ್ ಡಾಕ್‌ನ ಮೊದಲ ಕೆಲಸ ಒಂದು ಶತಮಾನವೂ ಸರಿಯಾಗಿ ನಡೆಯಲಿಲ್ಲ. ಗೋಡೆಗಳು ಈಗಲೂ ಗಟ್ಟಿಯಾಗಿವೆ. ಒಳಗೆ ಹತ್ತಿ ಇರಲಿ, ಚಿತ್ರಪಟ ಇರಲಿ, ಹಾರ್ಟ್ಲಿಯ ಕಂಬಗಳಿಗೆ ಭೇದವಿಲ್ಲ. ಹೊಸ ಕೆಲಸ ಹುಡುಕಿಕೊಡಬೇಕಾದವರು, ಸುತ್ತಲಿನ ನೀರು-ನೆಲ ಕಾಯಬೇಕಾದವರು ಬದುಕಿರುವ ಜನ.