ಹಳಿಯ ಮೇಲೆ ನಡೆದವರ ತಪ್ಪೇನು?

ಎಸ್.ಎಸ್. ಬಡಾವಣೆಯಲ್ಲಿ ಹೊಸ ಕಟ್ಟಡ ಏಳ್ತಿರೋ ಸೈಟುಗಳ ಮುಂದೆ ನಾವು ದಿನಾ ಓಡಾಡ್ತೀವಿ. ಅಲ್ಲಿ ಸೆಂಟ್ರಿಂಗ್ ಹೊಡೆಯೋರು, ಕಂಬಿ ಕಟ್ಟೋರು ಯಾವ ಊರಿನವರು ಅಂತ ಕೇಳಿದವರು ನಮ್ಮಲ್ಲಿ ಕಡಿಮೆ. 2020ರ ಲಾಕ್‌ಡೌನ್ ಈ ಪ್ರಶ್ನೆಯನ್ನು ಇಡೀ ದೇಶದ ಮುಂದೆ ತಂದು ನಿಲ್ಲಿಸಿತು.

ಮಾರ್ಚ್ 24ರ ರಾತ್ರಿ 8ಕ್ಕೆ ಘೋಷಣೆ. ನಾಲ್ಕೇ ಗಂಟೆಯಲ್ಲಿ ದೇಶ ಬಂದ್. ಕೂಲಿ ಇಲ್ಲ, ಬಸ್ಸಿಲ್ಲ, ರೈಲಿಲ್ಲ. ಜನ ಊರಿನ ಕಡೆ ನಡೆಯೋಕೆ ಶುರು ಮಾಡಿದರು. ಹೆದ್ದಾರಿಯಲ್ಲಿ ಪೊಲೀಸರು ತಡೀತಾರೆ ಅಂತ ಕೆಲವರು ಕಾಡುದಾರಿ, ಕೆಲವರು ರೈಲು ಹಳಿ ಹಿಡಿದರು. ಮೇ 8ರ ಬೆಳಗಿನ ಜಾವ ಮಹಾರಾಷ್ಟ್ರದ ಔರಂಗಾಬಾದ್ ಬಳಿ, ದಣಿದು ಹಳಿಯ ಮೇಲೇ ಮಲಗಿದ್ದ 16 ಕಾರ್ಮಿಕರು ಗೂಡ್ಸ್ ರೈಲಿಗೆ ಸಿಕ್ಕಿ ಸತ್ತರು. ರೈಲುಗಳೇ ಓಡ್ತಿಲ್ಲ ಅಂತ ಅವರು ನಂಬಿದ್ದರು.

"ಹಳಿ ಮೇಲೆ ಮಲಗಿದ್ದು ಅವರದೇ ತಪ್ಪಲ್ವಾ?" ಅಂತ ಕೇಳೋರಿದ್ದಾರೆ. ಇದನ್ನು ಮೂರು ಕಡೆಯಿಂದ ನೋಡೋಣ.

ಮೊದಲನೆಯದು ಹಕ್ಕು. ಸಂವಿಧಾನದ 19ನೇ ವಿಧಿ ದೇಶದೊಳಗೆ ಓಡಾಡುವ ಸ್ವಾತಂತ್ರ್ಯ ಕೊಟ್ಟಿದೆ. ಸಾರ್ವಜನಿಕರ ಹಿತಕ್ಕಾಗಿ ಅದಕ್ಕೆ ಮಿತಿ ಹಾಕಬಹುದು. ಸಾಂಕ್ರಾಮಿಕ ರೋಗ ಅಂಥದ್ದೇ ಕಾರಣ.

ಎರಡನೆಯದು ಪರಿಣಾಮ. ಸೋಂಕು ಹಳ್ಳಿಗೆ ಹರಡಬಾರದು ಅನ್ನೋ ಲೆಕ್ಕ ಸರಿಯೇ. ಆದರೆ ತಡೆದು ನಿಲ್ಲಿಸಿದವರ ಊಟ, ಬಾಡಿಗೆಯನ್ನು ಲೆಕ್ಕಕ್ಕೇ ತಗೊಳ್ಳದಿದ್ದರೆ ಅದು ಡೆಡ್ ಲೋಡ್ ಬಿಟ್ಟು ಬೀಮ್ ಡಿಸೈನ್ ಮಾಡಿದ ಹಾಗೆ.

ಮೂರನೆಯದು ಘನತೆ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು ಅಂದವನು ಜರ್ಮನಿಯ ತತ್ವಜ್ಞಾನಿ ಕಾಂಟ್. ನಮ್ಮ ರಾಜ್ಯದಲ್ಲೇ ನೋಡಿ: ಅದೇ ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ಬೆನ್ನಲ್ಲೇ ಶ್ರಮಿಕ್ ರೈಲುಗಳನ್ನು ರದ್ದು ಮಾಡಲಾಯಿತು. ಟೀಕೆ ಜೋರಾದಾಗ ಎರಡೇ ದಿನದಲ್ಲಿ ಸರ್ಕಾರ ನಿರ್ಧಾರ ಬದಲಿಸಿತು. ರೋಗ ತಡೆಯೋಕೆ ದಾರಿ ಮುಚ್ಚೋದು ಬೇರೆ, ಕೆಲಸಕ್ಕೆ ಆಳು ಬೇಕು ಅಂತ ಮುಚ್ಚೋದೇ ಬೇರೆ.

ರೈಲಿನೊಳಗೆ ಕೂತವನಿಗೆ ಅದೇ ಹಳಿ ಮನೆಗೆ ಹೋಗುವ ದಾರಿ. ಸರಿಯಾದ ದಾರಿಯನ್ನೆಲ್ಲ ಮುಚ್ಚಿ, ಉಳಿದ ಅಪಾಯದ ದಾರಿಯಲ್ಲಿ ಹೋದವನನ್ನೇ ದೂರುವುದು ನ್ಯಾಯವಲ್ಲ.

ವಲಸೆ ಕಾರ್ಮಿಕರ ನೋಂದಣಿ, ಪ್ರಯಾಣ ಭತ್ಯೆಗೆ 1979ರಲ್ಲೇ ಕಾಯ್ದೆ ಬಂದಿತ್ತು. ಆದರೂ ಅವರು ನಡೆದೇ ಹೋಗಬೇಕಾಯಿತು. ನಾಳೆ ನಮ್ಮಲ್ಲಿ ಹಲವರು ಸೈಟ್ ಇಂಜಿನಿಯರ್ ಆಗ್ತೀವಿ, ಹಾಜರಿ ಪುಸ್ತಕ ನಮ್ಮ ಕೈಲಿರುತ್ತೆ. ಅದರಲ್ಲಿ ಹೆಸರಿನ ಪಕ್ಕ ಊರು, ಮನೆಯವರ ಫೋನ್ ನಂಬರ್ ಇದೆಯಾ? "ಊರಿಗೆ ಹೋಗ್ತೀನಿ ಸಾರ್" ಅಂದ ದಿನವೇ ಬಾಕಿ ಕೂಲಿ ಅವರ ಕೈ ಸೇರುತ್ತಾ? ಅಷ್ಟು ನೋಡಿಕೊಳ್ಳೋದು ನಮ್ಮ ಕೈಲಿದೆ.