ಕಾರಣ ಒಂದೇ ಅಲ್ಲ

2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದಿನಗೂಲಿಯವರು.

ದಾಖಲೆಯಲ್ಲಿ ಕಾರಣ ಅಂತ ಬರೆಯೋದು ಒಂದೇ: ಮನೆ ಜಗಳ, ಕಾಯಿಲೆ, ಇಲ್ಲಾ ಸಾಲ. ಆದ್ರೆ ಸಾಲದ ಬೆನ್ನಿಗೆ ಕುಡಿತ, ಖಿನ್ನತೆ, ಒಂಟಿತನವೂ ಇರಬಹುದು.

‘ನಾನಿಲ್ದೇ ಇದ್ರೆ ನಿಮಗೇ ಆರಾಮ’ ಅಂತ ಯಾರಾದ್ರೂ ಅಂದ್ರೆ, ಸುಮ್ನೆ ಅಂದಿದ್ದು ಅಂತ ತಳ್ಳಿಹಾಕಬೇಡಿ. ‘ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದ್ರೆ ಆ ಯೋಚನೆ ಹುಟ್ಟಲ್ಲ; ಒಳಗಿದ್ದ ಮಾತು ಹೊರಗೆ ಬರುತ್ತೆ. ಅವರನ್ನ ಒಂಟಿಯಾಗಿ ಬಿಡಬೇಡಿ.

ಆತ್ಮಹತ್ಯೆಗೆ ಯತ್ನಿಸಿದವರಿಗೆ ಕೇಸಿನ ಭಯವೇ? 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಬೇರೆ ರೀತಿ ಸಾಬೀತಾಗದಿದ್ರೆ, ಅವರು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಸರ್ಕಾರ ಆರೈಕೆ ಕೊಡಬೇಕು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್: 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಿ.