ಅಂತರ್ಜಾಲದ ಚಿತ್ರಶಾಲೆ ಮತ್ತು ಮನೆಯ ಪಟಗಳು

ಹಿಂದೆ ಒಂದು ಕುಟುಂಬದ ಛಾಯಾಚಿತ್ರಗಳೆಲ್ಲವೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದುವು. ಈಗಲಾದರೋ ಒಂದು ಉಪನಯನಕ್ಕೇ ಸಾವಿರ ಚಿತ್ರಗಳು ಕೂಡಿಬೀಳುತ್ತವೆ. ಅವು ಫೋನಿನಿಂದ ನೇರವಾಗಿ ಅಂತರ್ಜಾಲದ ಚಿತ್ರಶಾಲೆಗೆ ಏರಿಹೋಗುತ್ತವೆ. ಏರಿಸುವುದು ಸುಲಭವೆಂದೂ, ಬೇಕಾದಾಗ ಬೇಕಾದುದನ್ನು ಹುಡುಕುವುದೇ ಪ್ರಯಾಸವೆಂದೂ ನಮ್ಮ ವಾಚಕರಲ್ಲಿ ಅನೇಕರು ಬಲ್ಲರು.

ಚಿತ್ರಶಾಲೆಯ ಯಂತ್ರವು ಪಟಗಳನ್ನು ಮುಖ್ಯವಾಗಿ ಕಾಲಾನುಕ್ರಮದಿಂದ ಜೋಡಿಸುತ್ತದೆ. ಫೋನಿನಿಂದ ತೆಗೆದ ಚಿತ್ರದೊಳಗೆ ದಿನ, ಗಂಟೆ, ಕೆಲವು ವೇಳೆ ಸ್ಥಳವೂ ಗುಪ್ತವಾಗಿ ಬರೆದಿರುತ್ತದೆ. ಎಕ್ಸಿಫ್ ಎಂಬ ಈ ಬರಹವೇ ಯಂತ್ರದ ಪಂಚಾಂಗ. ಆದರೆ 1948ರ ಮದುವೆಯ ಪಟವನ್ನು ಇಂದು ಸ್ಕ್ಯಾನ್ ಮಾಡಿ ಏರಿಸಿದರೆ, ಅದು ಇಂದಿನ ತಾರೀಖಿನ ಕೆಳಗೆ, ಬೆಳಗಿನ ದೋಸೆಯ ಚಿತ್ರದ ಪಕ್ಕದಲ್ಲಿ ಹೋಗಿ ಕೂಡುತ್ತದೆ! ವಾಟ್ಸಾಪಿನ ಮೂಲಕ ಬಂದ ಚಿತ್ರವೂ ಸಾಮಾನ್ಯವಾಗಿ ಹಾದಿಯಲ್ಲಿಯೇ ಎಕ್ಸಿಫನ್ನು ಕಳೆದುಕೊಂಡಿರುತ್ತದೆ. ಆದಕಾರಣ ಹಳೆಯ ಪಟವನ್ನು ಏರಿಸಿದೊಡನೆ ತಾರೀಖನ್ನು ತಿದ್ದತಕ್ಕದ್ದು. ಗೂಗಲ್ ಫೋಟೋಸಿನಲ್ಲಿ ಇದಕ್ಕೆ ಅನುಕೂಲವುಂಟು. ದಿನ ತಿಳಿಯದಿದ್ದರೆ ವರ್ಷವಾದರೂ ಸರಿಯಾಗಿರಲಿ.

ತಾರೀಖಿಗಿಂತಲೂ ಹೆಸರು ಮುಖ್ಯವೆಂದು ನಮ್ಮ ಅಭಿಪ್ರಾಯ. ಯಂತ್ರವು ಒಂದೇ ಬಗೆಯ ಮುಖಗಳನ್ನು ಒಂದೆಡೆ ಸೇರಿಸಬಲ್ಲದು. ಆದರೆ ಹಿಂದಿನ ಸಾಲಿನಲ್ಲಿ ಜರಿಪೇಟ ಧರಿಸಿ ನಿಂತವರು ಸೋದರಮಾವನೋ ಊರ ಶಾನುಭೋಗರೋ ಎಂಬುದನ್ನು ಅದು ಹೇಳಲಾರದು. ಅದನ್ನು ಬಲ್ಲವರು ಮನೆಯ ಒಬ್ಬಿಬ್ಬರು ವೃದ್ಧರು ಮಾತ್ರ. ಅವರು ಕಣ್ಮರೆಯಾದ ಬಳಿಕ ಆ ಪಟವು ಯಾರೋ ಅಪರಿಚಿತರ ಪಟವೇ ಸರಿ. ಆಲ್ಬಮ್ಮುಗಳ ವಿಂಗಡಣೆಯನ್ನು ಮುಂದಿನ ವರ್ಷ ಮಾಡಿದರೂ ನಡೆದೀತು. ಇದು ಮಾತ್ರ ತಡೆಯದು. ಸಂಜೆಯ ಹೊತ್ತು ಅವರ ಬಳಿ ಕುಳಿತು, ದಿನಕ್ಕೆ ಹತ್ತು ಪಟಗಳಂತೆ ಕೇಳಿ, ಪ್ರತಿಯೊಂದರ ವಿವರಣೆಯಲ್ಲಿ ಬರೆಯಬೇಕು. ‘ಅಜ್ಜಿ’ ಎಂದಷ್ಟೇ ಬರೆದರೆ ಮರಿಮಕ್ಕಳಿಗೆ ಯಾವ ಅಜ್ಜಿಯೆಂದು ತಿಳಿಯುವುದು ಹೇಗೆ? ಹೆಸರು, ಊರು ಎರಡೂ ಇರಲಿ. ಮದುವೆಯಲ್ಲಿ ಹೆಸರು ಬದಲಾದ ಹೆಂಗಸರಿಗೆ ತೌರಿನ ಹೆಸರೂ ಇರಲಿ.

ಒಂದೇ ದೃಶ್ಯದ ಎಂಟು ಪ್ರತಿಗಳಿದ್ದಲ್ಲಿ ಎರಡನ್ನುಳಿಸಿ ಉಳಿದುವನ್ನು ತೆಗೆಯಲು ಸಂಕೋಚಪಡಬೇಕಾಗಿಲ್ಲ.

ಇನ್ನೊಂದು ಮಾತು. ಈ ಚಿತ್ರಶಾಲೆಗಳು ಬಾಡಿಗೆಯ ಮನೆಗಳು. ಪಿಕಾಸಾ ವೆಬ್ ಆಲ್ಬಮ್ಸ್ 2016ರಲ್ಲಿ ಮುಚ್ಚಲ್ಪಟ್ಟಿತು. ಫ್ಲಿಕರ್ ಸಂಸ್ಥೆಯು 2018ರಲ್ಲಿ ಉಚಿತ ಖಾತೆಗಳಿಗೆ 1,000 ಚಿತ್ರಗಳ ಮಿತಿಯನ್ನು ಸಾರಿತು. 2015ರಲ್ಲಿ ಎಣಿಕೆಯಿಲ್ಲದೆ ಉಚಿತವಾಗಿ ಚಿತ್ರಗಳನ್ನು ಸ್ವೀಕರಿಸಿದ ಗೂಗಲ್ ಫೋಟೋಸ್, 2021ರ ಜೂನ್ 1ರಿಂದ ಹೊಸ ಚಿತ್ರಗಳನ್ನೆಲ್ಲ ಖಾತೆಯ 15 ಗಿಗಾಬೈಟಿನ ಲೆಕ್ಕಕ್ಕೆ ಹಿಡಿಯಿತು. ಆದುದರಿಂದ ಗೂಗಲ್ ಟೇಕ್‌ಔಟ್ ಎಂಬ ಸೌಕರ್ಯದಿಂದ ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸಿ, ಎರಡು ಹಾರ್ಡ್ ಡಿಸ್ಕುಗಳಲ್ಲಿ ತುಂಬಿ, ಒಂದನ್ನು ಬೇರೊಂದು ಊರಿನ ಬಂಧುಗಳ ಮನೆಯಲ್ಲಿರಿಸುವುದು ಲೇಸು. ಹಾಗೆ ಇಳಿಸುವಾಗ ನಾವು ತಿದ್ದಿದ ತಾರೀಖು, ಬರೆದ ವಿವರಣೆ ಇವು ಚಿತ್ರದೊಳಗೆ ಬಾರದೆ ಪಕ್ಕದ ಬೇರೊಂದು ಕಡತದಲ್ಲಿ ಬರುತ್ತವೆ. ಚಿತ್ರದಿಂದ ಕಡತವನ್ನು ಅಗಲಿಸಬಾರದು. ಅಜ್ಜಿ ಹೇಳಿದ ಹೆಸರುಗಳನ್ನು ಒಂದು ನೋಟುಪುಸ್ತಕದಲ್ಲಿಯೂ ಬರೆದು ಆ ಹಳೆಯ ತಗಡಿನ ಪೆಟ್ಟಿಗೆಯಲ್ಲಿಯೇ ಇಡಬಹುದು.